ಕರೆದರೆ ಏಳಬೇಡಿ ಎಂದಿದ್ದೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಥೆ ಕಟ್ಟುವ ಕಸುಬು ನನ್ನದಲ್ಲ. ರಾಣೆಬೆನ್ನೂರಿನಲ್ಲಿ ಹಕ್ಕಿಗಳ ಕಾಳು, ಪಂಜರ ಮಾರುವ ಅಂಗಡಿ ನನ್ನದು. ದೊಡ್ಡ ಗಿಳಿ ಸಾಕಿದವರು ಅದು ಕಚ್ಚಿದರೆ, ಕಿರುಚಿದರೆ, ಪುಕ್ಕ ಕಿತ್ತುಕೊಂಡರೆ ನನ್ನನ್ನೇ ಕರೆಯುತ್ತಾರೆ. ಹೋಗಿ ಚಟ ಬಿಡಿಸಿ ಬರುತ್ತೇನೆ. ಆಗ ನನಗೆ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಸಣ್ಣನ ಮನೆಯಲ್ಲಿ ಬೂದು ಬಣ್ಣದ ಆಫ್ರಿಕನ್ ಗಿಳಿ ಇತ್ತು. ಹೆಸರು ರಾಜಾ. ಹಿಂದಿನ ಕೋಣೆಯಲ್ಲಿ ಅವನ ತಾಯಿ ಗೌರವ್ವ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ರಾತ್ರಿ ಅವರು ಮಗನನ್ನು ಕರೆಯುವುದು, ಮನೆಯವರು ದೀಪ ಹಾಕಿ ಓಡುವುದು... ಗಿಳಿ ನೋಡಿತು, ಕಲಿತುಬಿಟ್ಟಿತು. ಅದೇ ಧ್ವನಿ, ಅದೇ ಏದುಸಿರು. "ಬಸೂ... ನೀರು ಕೊಡೋ ಯಪ್ಪಾ..." ರಾತ್ರಿಗೆ ಹತ್ತು ಸಲ! ಗಂಡ ಹೆಂಡತಿ ನಿದ್ದೆಗೆಟ್ಟು ಹುಚ್ಚರಂತಾಗಿದ್ದರು.

"ನೀವು ಎದ್ದು ಬರ್ತೀರಿ, ಅದಕ್ಕ ಅದು ಕರಿತೈತಿ," ಎಂದೆ. "ಮೂರು ರಾತ್ರಿ ಯಾರೂ ಏಳಬ್ಯಾಡ್ರಿ. ತಾನ ಸುಮ್ನಾಗತೈತಿ."

"ಅತ್ತಿ ಖರೇನ ಕರದ್ರ?" ಬಸಣ್ಣನ ಹೆಂಡತಿ ಶಾಂತಕ್ಕ ಕೇಳಿದಳು.

ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು. ದೇವರ ಮನೆಯ ಹಿತ್ತಾಳೆ ಗಂಟೆ ತಂದು ಗೌರವ್ವನ ತಲೆದಿಂಬಿನ ಪಕ್ಕ ಇಟ್ಟೆ. "ಏನರ ಬೇಕಾದ್ರ ಇದನ್ನ ಬಾರಿಸ್ರೆವ್ವಾ, ಕೂಗಬ್ಯಾಡ್ರಿ."

ಮುದುಕಿ ಬೊಚ್ಚು ಬಾಯಲ್ಲಿ ನಕ್ಕರು. "ಮಗಾ ದೇವ್ರಾದ್ನಲ್ಲೋ ಯಪ್ಪಾ, ಗಂಟಿ ಬಾರಿಸಿದ್ರಷ್ಟ ಬರ್ತಾನ!"

ಮೊದಲ ರಾತ್ರಿ ಗಂಡ ಹೆಂಡತಿ ತಡೆಯಲಾರದೆ ಎದ್ದರಂತೆ. ನನಗೆ ಸಿಟ್ಟು ಬಂತು. ಮರುದಿನ ರಾತ್ರಿ ಕಾವಲಿಗೆ ನಾನೇ ಹೋದೆ.

ಮನೆ ಹೊಕ್ಕಾಗ ಸುಟ್ಟ ಮೆಣಸಿನಕಾಯಿ ವಾಸನೆ. "ರಾಜಾ ಪುಕ್ಕ ಕಿತ್ಕೊಳ್ಳಾಕತ್ತಿತ್ತಲ್ರಿ, ಯಾರದರ ಕೆಟ್ಟ ಕಣ್ಣು ಬಿದ್ದೈತಂತ ಸಂಜೀಕ ನೆದರ ತಗದೆ," ಎಂದಳು ಶಾಂತಕ್ಕ. "ಮೆಣಸಿನಕಾಯಿ, ಉಪ್ಪು ಇಳಿಸಿ ಪಂಜರದ ಮುಂದನ ಕೆಂಡಕ್ಕ ಹಾಕ್ದೆ. ಘಾಟ ಬರಲೇ ಇಲ್ಲ ನೋಡ್ರಿ. ಭಾಳ ದೊಡ್ಡ ನೆದರು."

"ಬ್ಯಾಡಗಿ ಕಾಯಿಗೆ ಘಾಟ ಎಲ್ಲಿಂದ ಬರಬೇಕ್ರಿ ಅಕ್ಕಾರ? ಬರೇ ಬಣ್ಣ! ಹಕ್ಕಿಗೆ ಹೊಗಿ ಅಂದ್ರ ವಿಷ," ಎಂದು ಗದರಿದೆ.

ಪಂಜರಕ್ಕೆ ಆಗಲೇ ದಪ್ಪ ಬಟ್ಟೆ ಹೊದಿಸಿದ್ದರು. ಎತ್ತಿ ನೋಡಬೇಕಿತ್ತು. ಆದರೆ ಹೊದಿಸಿದ ಬಟ್ಟೆ ಬೆಳಗಿನವರೆಗೆ ಸರಿಸಬಾರದು ಎಂಬುದು ನಾನೇ ಕಲಿಸಿದ ಪಾಠ. ಎತ್ತಲಿಲ್ಲ.

ಪಡಸಾಲೆಯಲ್ಲಿ ದೀಪ ಆರಿಸಿ ಮೂವರೂ ಕುಳಿತೆವು. ಹನ್ನೊಂದರ ಮೇಲೆ ಶುರುವಾಯಿತು.

"ಬಸೂ..."

ಪಂಜರದಿಂದಲೇ. ನಾಲ್ಕು ಹೆಜ್ಜೆ ದೂರ, ಅಷ್ಟೇ. ನಾನು ಎದ್ದು ಹೋಗಿ ಬಟ್ಟೆಗೆ ಕಿವಿ ಹಚ್ಚಿದೆ. ಅನುಮಾನವೇ ಇಲ್ಲ... ಬಟ್ಟೆಯ ಆಚೆಯಿಂದ ಬಿಸಿ ಉಸಿರು ಕೆನ್ನೆಗೆ ತಾಗಿತು.

"ಬಸೂ... ಎದಿ ಹಿಡ್ಯಾಕತ್ತೈತೋ... ನೀರು..."

ಶಾಂತಕ್ಕ ಎದ್ದು ನಿಂತಳು. "ಎದಿ ಅಂತ ಇದು ಎಂದೂ ಅಂದಿದ್ದಿಲ್ರಿ."

"ಕುಂದ್ರಿ!" ಪಿಸುದನಿಯಲ್ಲೇ ಗದರಿದೆ. "ಗಂಟಿ ಬಾರಿಸ್ಯಾರೇನು? ಇಲ್ಲಲ್ಲ! ಹಕ್ಕಿ ಹೊಸಾ ಆಟ ಹೂಡೈತಿ. ಈಗ ಎದ್ರ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ."

ಕಿಟಕಿಯಿಂದ ಬಿದ್ದ ಬೀದಿದೀಪದ ಬೆಳಕಿನಲ್ಲಿ ನೋಡಿದರೆ, ಬಸಣ್ಣ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದ. ನಾನು ಅವನನ್ನು ನೋಡಿ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆ.

ಕೂಗು ನರಳಾಟವಾಯಿತು. ನರಳಾಟ ಗೊರಗೊರ ಸದ್ದಾಯಿತು... ಮೂರು ಗಂಟೆಗೆ ನಿಂತಿತು.

"ನೋಡಿದ್ರಾ? ಗೆದ್ವಿ," ಎಂದೆ.

ಬೆಳಕು ಹರಿದಾಗ ಹಿಂದಿನ ಕೋಣೆಯ ಬಾಗಿಲು ದೂಡಿದರೆ ಅರ್ಧಕ್ಕೇ ತಡೆಯಿತು. ಗೌರವ್ವ ಬಾಗಿಲ ಹಿಂದೆ ಬೋರಲು ಬಿದ್ದಿದ್ದರು. ಮುರಿದ ಸೊಂಟ ಎಳೆದುಕೊಂಡು ಅಲ್ಲಿಯವರೆಗೆ ತೆವಳಿದ್ದರು. ಗಂಟೆ ಮಂಚದಡಿ ಮೂಲೆಗೆ ಉರುಳಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಶಾಂತಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಳು. ನಾನು ಪಡಸಾಲೆಗೆ ಬಂದು ಪಂಜರದ ಬಟ್ಟೆಯ ಅಂಚು ಎತ್ತಿದೆ. ರಾಜಾ ತಳದಲ್ಲಿ ಸೆಟೆದು ಬಿದ್ದಿತ್ತು. ಕಣ್ಣುಗಳನ್ನು ಇರುವೆಗಳು ಆಗಲೇ ತಿಂದು ಮುಗಿಸಿದ್ದವು. ಸಂಜೆಯ ಹೊಗೆಗೇ ಪ್ರಾಣ ಹೋಗಿದೆ. ಸತ್ತ ಹಕ್ಕಿ ನಾನು ಬೇಕಾದಷ್ಟು ನೋಡಿದ್ದೇನೆ, ಇದರಲ್ಲಿ ತಪ್ಪಲಾರೆ. ಹಾಗಾದರೆ ನಾನು ಕಿವಿ ಹಚ್ಚಿ ಕೇಳಿದ್ದು...?

ಬಸಣ್ಣ ಬೆನ್ನ ಹಿಂದೆ ಬಂದು ನಿಂತ. "ರಾತ್ರಿ ಕರದದ್ದು ಹಕ್ಕಿನ ಹೌದಲ್ರೀ? ಅವ್ವ ನಿದ್ದಿಗಣ್ಣಾಗ ಬಿದ್ದಿರಬೇಕು... ಹೌದಲ್ಲ?"

ಬಟ್ಟೆ ಇಳಿಬಿಟ್ಟೆ. "ಹೌದ್ರಿ. ಹಕ್ಕಿನ."

"ಅವ್ವನ ಧ್ವನಿ ಇದರಾಗರ ಉಳೀತು," ಎಂದು ಅವನು ಪಂಜರ ತಬ್ಬಿಕೊಂಡು ಅತ್ತ.

ಜನರ ಗದ್ದಲಕ್ಕೆ ಹಕ್ಕಿ ಅಂಜುತ್ತದೆ, ನಾಲ್ಕು ದಿನ ನನ್ನ ಕಡೆ ಇರಲಿ ಎಂದು ಸುಳ್ಳು ಹೇಳಿ ಪಂಜರ ಹೊತ್ತು ತಂದೆ. ದಾರಿಯಲ್ಲಿ ಒಂದು ಹಳ್ಳದ ದಂಡೆಗೆ ಹಕ್ಕಿಯನ್ನು ಹೂತೆ.

ಬಸಣ್ಣ ದಿನಾ ಫೋನ್ ಮಾಡಿ ಅವ್ವನ ಧ್ವನಿ ಕೇಳಿಸು ಎನ್ನುತ್ತಾನೆ. ದಿನಾ ಒಂದು ನೆಪ ಹೇಳುತ್ತಿದ್ದೆ. ಮೊನ್ನೆ ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಫೋನ್ ಬಂತು. ತಡೆಯಲಾಗಲಿಲ್ಲ. "ಹಕ್ಕಿ ಸತ್ತೈತ್ರಿ ಬಸಣ್ಣಾರ," ಎಂದುಬಿಟ್ಟೆ.

ಅವನು ನಕ್ಕ. "ಯಾಕ್ರೀ ಚೇಷ್ಟಿ ಮಾಡ್ತೀರಿ? ನಿಮ್ಮ ಹಿಂದನ ಕರಿಯಾಕತ್ತೈತಲ್ರೀ, ಕೇಳಸ್ತೈತಿ ನನಗ. ನಿಮ್ಮ ಹೆಸರು ಹಿಡದು ನೀರು ಕೇಳಾಕತ್ತೈತಿ. ಏಳ್ರಿ, ಕೊಡ್ರಿ..."

ನನಗೆ ಏನೂ ಕೇಳಿಸಲಿಲ್ಲ. ದೇವರಾಣೆ, ಏನೂ ಕೇಳಿಸಲಿಲ್ಲ. ಆದರೂ ಎದ್ದೆ. ಲೋಟಕ್ಕೆ ನೀರು ತುಂಬಿ, ಹಿಂದೆ ತಿರುಗಿ ನೋಡದೆ, ನೆಲದ ಮೇಲೆ ಇಟ್ಟು ಬಂದೆ.