ಕಬ್ಬಿಗೆ ರೋಗ ಹಚ್ಚುವ ಸೊಸೆ

ಬೆಳೆಯ ರೋಗ ವಾಸಿ ಮಾಡಿ ಸಂಬಳ ಪಡೆಯುವವರನ್ನು ನೀವು ನೋಡಿರುತ್ತೀರಿ. ನಮ್ಮ ಮಸಿಯಕ್ಕ ರೋಗ ಹಚ್ಚಿ ಸಂಬಳ ಪಡೆಯುವವಳು. ಕಬ್ಬಿನ ಸಂಶೋಧನಾ ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಕಾಡಿಗೆ ರೋಗದ ಕಪ್ಪು ಪುಡಿ ಕದಡಿದ ನೀರಿನ ತೊಟ್ಟಿಯಿದೆ. ಹೊಸ ತಳಿಗಳ ಬಿತ್ತನೆ ತುಂಡುಗಳನ್ನು ಅದರಲ್ಲಿ ಅದ್ದಿ ನೆಡುವುದು ಅವಳ ಕೆಲಸ. ತಡೆದುಕೊಂಡ ತಳಿ ಪಾಸು, ಉಳಿದದ್ದು ಬೆಂಕಿಗೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಮಸಿ ಉಳಿಯುತ್ತಿತ್ತು, ಹೆಸರೂ ಹಾಗೇ ಅಂಟಿಕೊಂಡಿತು.

ಆ ಪುಡಿಯ ಕಿತಾಪತಿಯೆಲ್ಲ ಅವಳಿಗೆ ಬಾಯಿಪಾಠ. ಗಾಳಿಯಲ್ಲಿ ಬಂದು ಕಬ್ಬಿನ ಕಣ್ಣಿನ ಮೇಲೆ, ಅಂದರೆ ಗೆಣ್ಣಿನ ಮೊಗ್ಗಿನ ಮೇಲೆ ಕೂರುತ್ತದೆ, ಮೊಳೆಯುತ್ತದೆ, ತಕ್ಕ ಜೋಡಿ ಸಿಕ್ಕಿದ ಮೇಲೆಯೇ ಒಳಗೆ ಕಾಲಿಡುತ್ತದೆ. "ಒಂಟಿಯಾಗಿ ನುಗ್ಗೋ ಧೈರ್ಯ ಇಲ್ಲ ಇದಕ್ಕೆ" ಎಂದು ಅವಳು ನಗುತ್ತಿದ್ದಳು. ಆಮೇಲೆ ಸುಳಿಯವರೆಗೆ ಹೋಗಿ ತೆಪ್ಪಗಿರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಸುಳಿಯಿಂದ ಎಲೆಯ ಬದಲು ಕಪ್ಪು ಚಾಟಿಯೊಂದು ಹೊರಬರುತ್ತದೆ. ಚಾಟಿಯ ತುಂಬ ಮತ್ತೆ ಅದೇ ಪುಡಿ.

ಹಿಂದಿನ ವರ್ಷ ಆ ಚಾಟಿ ಅವಳ ಮನೆಯ ಹೊಲದಲ್ಲೇ ಎದ್ದಿತು. ಕಬ್ಬನ್ನೆಲ್ಲ ಕಿತ್ತು ಸುಟ್ಟರು.

"ನಿನ್ನ ಬಟ್ಟೆಲೇ ಬಂದಿದ್ದು ಇದು. ಇನ್ಮೇಲೆ ಹೊಲದ ಕಡೆ ಬರಬೇಡ" ಎಂದರು ಅತ್ತೆ, ಖಡಾಖಂಡಿತವಾಗಿ.

ಗಾಳಿಯಲ್ಲಿ ಬಂತೋ ಬಟ್ಟೆಯಲ್ಲಿ ಬಂತೋ, ಯಾರು ನೋಡಿದ್ದರು? ಅವಳಿಗೂ ಗೊತ್ತಿರಲಿಲ್ಲ. ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ರೋಗಕ್ಕೆ ಜಗ್ಗದ ಕಬ್ಬೊಂದನ್ನು ಮನೆಗೆ ತಂದು ಅತ್ತೆಯ ಮುಂದೆ ಇಡಬೇಕು ಎಂದು ಹಟ ತೊಟ್ಟಳು.

ಅಂಥದ್ದೊಂದು ತಳಿ ಪರೀಕ್ಷೆಯಲ್ಲಿತ್ತು. ಅವಳೇ ಅದನ್ನು ಗಟ್ಟಿಗಿತ್ತಿ ಎಂದು ಕರೆಯುತ್ತಿದ್ದಳು. ಆ ಸಲದ್ದು ಕೊನೆಯ ಪರೀಕ್ಷೆ. ಅದ್ದುವ ದಿನ ಅವಳಿಗೆ ತನ್ನ ಕೈಯ ಮೇಲೇ ಅನುಮಾನ ಬಂತು. ಪ್ರೀತಿಯಿಂದ ಎಲ್ಲಿ ಸಡಿಲ ಬಿಟ್ಟೇನೋ ಎಂದು ಹೆದರಿ, ಗಟ್ಟಿಗಿತ್ತಿಯ ಕಣ್ಣುಗಳನ್ನೆಲ್ಲ ಸೂಜಿಯಿಂದ ಚುಚ್ಚಿ ಅದ್ದಿಬಿಟ್ಟಳು! ಮಗ ಓದುವ ತರಗತಿಗೆ ಪಾಠ ಹೇಳುವ ತಾಯಿ ಅವನಿಗೇ ನಾಲ್ಕೇಟು ಜಾಸ್ತಿ ಬಿಡುವುದಿಲ್ಲವೇ, ಹಾಗೆ.

ವಿಷಯ ತಿಳಿದಾಗ ಬೇರೆ ತುಂಡು ಅದ್ದಿ ನೆಡುವ ಕಾಲ ಮೀರಿತ್ತು. ಕೇಂದ್ರದ ವಿಜ್ಞಾನಿ ಮೇಡಂ ತಲೆಯ ಮೇಲೆ ಕೈ ಹೊತ್ತರು.

"ಏನಕ್ಕಾ ಇದು! ಕಣ್ಣಿನ ಮೇಲಿನ ಬಿಗಿ ಸಿಪ್ಪೇನೇ ಅದರ ಬಾಗಿಲು. ಬಾಗಿಲು ಒಡೆದು ಕಳ್ಳನ್ನ ಕರೆದ ಹಾಗಾಯ್ತಲ್ಲ. ಈಗ ಒಂದು ಚಾಟಿ ಬಂದ್ರೂ ನಾನು ಪಾಸು ಮಾಡೋಕಾಗಲ್ಲ."

ಅಲ್ಲಿಂದ ಮುಂದೆ ಅವಳ ಜೀವ ಕೈಯಲ್ಲೇ ಇತ್ತು. ಪಕ್ಕದ ಸಾಲಿನ ಬಡಕಲು ತಳಿಯಲ್ಲಿ ಬುಡದಿಂದ ಹುಲ್ಲಿನಂಥ ಮರಿಗಳೆದ್ದವು, ಹಿಂದೆಯೇ ಚಾಟಿಗಳು. ಪುಡಿ ಹಾರದಂತೆ ಅವಳು ಒಂದೊಂದಕ್ಕೂ ಚೀಲ ಹಾಕಿ ಕತ್ತರಿಸಿದಳು. ಗಟ್ಟಿಗಿತ್ತಿಯ ಸಾಲಿಗೆ ಬಂದಾಗ ಒಂದೊಂದೇ ಗಿಡದ ಮುಂದೆ ಬಗ್ಗುತ್ತಿದ್ದಳು. ಸುಳಿ ಬಿಡಿಸಿ ನೋಡಿದರೆ ಹಸಿರು. ವಾರಗಳು ಉರುಳಿದರೂ ಹಸಿರೇ.

ಮೇಡಂ ಗಟ್ಟಿಗಿತ್ತಿಯ ಒಂದು ಮರಿಯನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. "ಬನ್ನಿ, ನೋಡಿ. ಕಳ್ಳ ಒಳಗೆ ಬಂದಿದಾನೆ. ಆದ್ರೆ ಗಿಡ ಸುತ್ತಲ ಗೋಡೆ ದಪ್ಪ ಮಾಡಿಕೊಂಡು ಅಲ್ಲೇ ಕಟ್ಟಿಹಾಕಿದೆ. ಸುಳಿವರೆಗೆ ಬಿಟ್ಟೇ ಇಲ್ಲ. ನೀವು ಚುಚ್ಚದೇ ಇದ್ದಿದ್ರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ. ಹಾಗಂತ ಇನ್ನೊಂದ್ಸಲ ಕೇಳದೆ ಸೂಜಿ ಹಿಡೀಬೇಡಿ!"

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಗಟ್ಟಿಗಿತ್ತಿ ಪಾಸಾಯಿತು. ಮುಂದಿನ ಹಂಗಾಮಿಗೆ, ರೋಗ ಹಚ್ಚದೆ ಬೆಳೆಸಿದ ಶುದ್ಧ ಬೀಜದ ಹೊಲದಿಂದ ಗಟ್ಟಿಗಿತ್ತಿಯ ತುಂಡುಗಳು ಮನೆಗೆ ಬಂದವು. ಅತ್ತೆ ಒಂದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೂ ಕಾಯಿಲೆ ಹಚ್ಚಿ ನೋಡಿದ್ಯಾ?"

"ಇದರ ಅಕ್ಕನಿಗೆ ಹಚ್ಚಿದೀನಿ ಅತ್ತೆ. ಚುಚ್ಚಿ ಚುಚ್ಚಿ ಹಚ್ಚಿದೀನಿ. ಜಗ್ಗಲಿಲ್ಲ."

ಅತ್ತೆ ಕೈಯಲ್ಲಿದ್ದ ತುಂಡನ್ನು ಬುಟ್ಟಿಗೆ ಹಾಕಿದರು. ಆಮೇಲೆ ಬುಟ್ಟಿಯನ್ನು ಅವಳ ಕಡೆ ತಳ್ಳಿದರು.

"ಮತ್ತೇನು ನಿಂತುಕೊಂಡೆ? ನಡಿ ಹೊಲಕ್ಕೆ. ನೀನೇ ನೆಡು."