ಹೊನ್ನಾಳಿ ಕಾರ್ ಸ್ಟ್ಯಾಂಡಿನ ಬಿಸಿನೀರಿನ ಕೆಂಪಕ್ಕ

ಹೊಳೆ ಕಡೆಯಿಂದ ಎದ್ದ ಮಂಜಿನಲ್ಲಿ ಕಾರುಗಳು ಕಾಣುವುದಿಲ್ಲ, ಕೆಂಪಕ್ಕನ ಒಲೆ ಮಾತ್ರ ಕಾಣುತ್ತದೆ. ಹೊನ್ನಾಳಿ ಕಾರ್ ಸ್ಟ್ಯಾಂಡಿನ ಬೇವಿನ ಮರದ ಬುಡದಲ್ಲಿ ಮೂರು ಕಲ್ಲು, ಮೇಲೆ ಮಸಿ ಹಿಡಿದ ಹಂಡೆ. ಡ್ರೈವರುಗಳು ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬೊಬ್ಬರಾಗಿ ಬಾನೆಟ್ ಎತ್ತುತ್ತಾರೆ. ರೇಡಿಯೇಟರಿನ ನೀರನ್ನು ಹಿಂದಿನ ಸಂಜೆಯೇ ಬಸಿದಿಟ್ಟಿರುತ್ತಾರೆ. ಕೆಂಪಕ್ಕ ಬಿಂದಿಗೆಯಲ್ಲಿ ಬಿಸಿನೀರು ತಂದು ಹುಯ್ಯುತ್ತಾಳೆ. ತಣ್ಣಗೆ ಮಲಗಿದ್ದ ಇಂಜಿನ್ನು ಎರಡು ಸಲ ಕೆಮ್ಮಿ ಎದ್ದು ಕೂಡುತ್ತದೆ. ಬಿಂದಿಗೆಗೆ ನಾಲ್ಕಾಣೆ, ದಿನಕ್ಕೆ ಹತ್ತು ಹನ್ನೆರಡು ಬಿಂದಿಗೆ. ಶಿವರಾತ್ರಿ ಕಳೆದರೆ ಈ ಕಸುಬೂ ಮುಗಿಯಿತು, ಆಮೇಲೆ ಗದ್ದೆ ಕೂಲಿ.

ಇದು 1984ರ ಜನವರಿ. ಆಕೆ ಇಲ್ಲಿ ಒಲೆ ಹೂಡಿ ಇದು ಐದನೆಯ ಚಳಿಗಾಲ. ಅದಕ್ಕೂ ಮುಂಚೆ ಒಂದೇ ಕಾರಿಗೆ ನೀರು ಕಾಯಿಸುತ್ತಿದ್ದಳು. ಗಂಡ ಬೋರಣ್ಣ ಅಕ್ಕಿ ಗಿರಣಿ ಮಲ್ಲೇಶಪ್ಪನವರ ಅಂಬಾಸಿಡರ್ ಓಡಿಸುತ್ತಿದ್ದ. "ನಾನು ನೀರು ಕಾಸಿ ಕೊಡ್ತಿದ್ದೆ, ಅದನ್ನ ಮೊದ್ಲು ಕಾರಿಗೆ ಹುಯ್ದು ಆಮ್ಯಾಲೆ ಮಕ ತೊಳೀತಿದ್ದ. ಕಾರು ಅಂದ್ರೆ ಅಷ್ಟು ಪಿರೂತಿ" ಎನ್ನುತ್ತಾಳೆ.

1978ರ ಕಾರ್ತಿಕ ಕಳೆಯುತ್ತಿದ್ದಂತೆ ಆ ಕಾರಿಗೆ ಹೊಟ್ಟೆಬಾಕತನ ಹಿಡಿಯಿತು. ಲೀಟರಿಗೆ ಹತ್ತು ಕಿಲೋಮೀಟರ್ ಓಡುತ್ತಿದ್ದದ್ದು ಏಳಕ್ಕೆ ಇಳಿಯಿತು. ಮೆಕ್ಯಾನಿಕ್ ಉಚ್ಚಂಗೆಪ್ಪ ಪ್ಲಗ್ ಉಜ್ಜಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಕಚ್ಚಿಲ್ಲವೆಂದು ನೋಡಿದ. ಎಲ್ಲವೂ ಸರಿಯಾಗಿತ್ತು. ಬೋರಣ್ಣ ಮಾತ್ರ, "ಇಂಜಿನ್ನು ಕಾಯ್ತಾನೇ ಇಲ್ಲ ಸಾವ್ಕಾರ್ರೇ, ಮುಂದುಗಡೆ ಗಾಳಿಗೆ ಅಡ್ಡ ಒಂದು ಗೋಣಿ ಕಟ್ತೀನಿ" ಎಂದು ಕೇಳಿಕೊಂಡ. "ನಮ್ ಕಾರು ಮದುವಿಗೆ ಹೋಗಾದು, ಮಂಡಿಗಲ್ಲ" ಎಂದರು ಮಲ್ಲೇಶಪ್ಪನವರು. ಗೋಣಿ ಕಟ್ಟಿದರೆ ಕಾರಿನ ಮರ್ಯಾದೆ ಹೋಗುತ್ತಿತ್ತು. ಡ್ರೈವರನ ಮರ್ಯಾದೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾರಿನಲ್ಲಿ ದೋಷವಿಲ್ಲ ಎಂದ ಮೇಲೆ ಬೋರಣ್ಣನೇ ಪೆಟ್ರೋಲ್ ಮಾರಿಕೊಳ್ಳುತ್ತಿದ್ದಾನೆ ಎಂದು ತೀರ್ಮಾನವಾಯಿತು.

ಅಂತರಘಟ್ಟಮ್ಮನ ಗುಡಿಯಲ್ಲಿ ಆಣೆ ಇಡಿಸಿದರು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಸುಳ್ಳು ಹೇಳಿದವನನ್ನು ದೇವಿ ಉಳಿಸುವುದಿಲ್ಲ ಎಂಬುದು ಇಲ್ಲಿಯವರ ನಂಬಿಕೆ. ಬೋರಣ್ಣ ಹಿಂದೆಮುಂದೆ ನೋಡದೆ ಆರಿಸಿದ. "ಒಂದು ಹನಿ ಕದ್ದಿದ್ರೆ ನಾನು ಈ ಯುಗಾದಿ ನೋಡಬಾರ್ದು" ಎಂದ. ಆದರೂ ಕೆಲಸ ಹೋಯಿತು.

ಆಮೇಲೆ ನಡೆದದ್ದೆಲ್ಲ ಅವನಿಗೆ ವಿರುದ್ಧವಾಗಿಯೇ ನಡೆಯಿತು. ಹೊಸ ಡ್ರೈವರ್ ದೊಡ್ಡಣ್ಣ ಬಂದ ಕೆಲವು ವಾರಗಳಲ್ಲಿ, ಬಿಸಿಲೇರುತ್ತಿದ್ದಂತೆ, ಕಾರು ತಾನಾಗಿಯೇ ಮತ್ತೆ ಹತ್ತು ಕೊಡತೊಡಗಿತು. ಕಳ್ಳ ಇಳಿದ, ಕಾರು ಸರಿಹೋಯಿತು ಎಂದಿತು ಊರು. ಮಾಘದಲ್ಲಿ ಬೋರಣ್ಣನಿಗೆ ಕಾಮಾಲೆ ಹಿಡಿಯಿತು, ಯುಗಾದಿಗೆ ವಾರವಿರುವಾಗ ತೀರಿಕೊಂಡ. ಊರಿಗೆ ಇನ್ನೇನು ಸಾಕ್ಷಿ ಬೇಕು?

"ಮಣ್ಣಿಗೆ ಜನ ಬರ್ಲಿಲ್ರೀ. ಬಂದೋರೂ ಹೆಣ ನೋಡಾಕೆ ಬಂದಿರ್ಲಿಲ್ಲ, ಆಣೆ ಫಲಿಸಿದ್ದನ್ನ ನೋಡಾಕೆ ಬಂದಿದ್ರು" ಎನ್ನುತ್ತಾ ಕೆಂಪಕ್ಕ ಒಲೆಗೆ ಸೌದೆ ತಳ್ಳುತ್ತಾಳೆ.

ಮುಂದಿನ ಚಳಿಗಾಲಕ್ಕೆ ಹೊಟ್ಟೆಪಾಡಿಗೆಂದು ಆಕೆ ಸ್ಟ್ಯಾಂಡಿಗೆ ಬಂದಳು. ನೀರು ಹುಯ್ದ ಮೇಲೆ, ಮರಗಟ್ಟಿದ ಕೈಗಳನ್ನು ಓಡುತ್ತಿರುವ ಇಂಜಿನ್ನಿನ ಮೇಲಿನ ರಬ್ಬರ್ ಪೈಪಿಗೆ ಒತ್ತಿಕೊಂಡು ಕಾಯಿಸಿಕೊಳ್ಳುವುದು ರೂಢಿಯಾಯಿತು. ಬೇರೆ ಕಾರುಗಳ ಪೈಪು ಸ್ವಲ್ಪ ಹೊತ್ತಿಗೆಲ್ಲ ಸುಡುತ್ತಿತ್ತು. ದೊಡ್ಡಣ್ಣ ಸ್ಟ್ಯಾಂಡಿನಲ್ಲೇ ನಿಲ್ಲಿಸುತ್ತಿದ್ದ ಮಲ್ಲೇಶಪ್ಪನವರ ಕಾರಿನದು ಎಷ್ಟು ಹೊತ್ತಾದರೂ ಉಗುರುಬೆಚ್ಚಗೇ ಇರುತ್ತಿತ್ತು. ಅದೇ ಹೊತ್ತಿಗೆ ದೊಡ್ಡಣ್ಣ ಬಂದು ಅಳುಮೋರೆ ಮಾಡಿದ: "ಅಕ್ಕಾ, ಮತ್ತೆ ಏಳಕ್ಕೆ ಇಳಿದೈತೆ. ನನ್ನೂ ಗುಡಿಗೆ ಕರೀತಾರೆ."

ಪೈಪಿನ ವಿಷಯವನ್ನು ಕೆಂಪಕ್ಕ ಹೇಳಿದಳು. ಇಬ್ಬರೂ ಕಾರನ್ನು ಉಚ್ಚಂಗೆಪ್ಪನ ಶೆಡ್ಡಿಗೆ ಒಯ್ದರು. ಆ ಪೈಪು ಕೂಡುವ ಮುಚ್ಚಳ ಬಿಚ್ಚಿದರೆ ಒಳಗೆ ಖಾಲಿ. ಇಂಜಿನ್ನು ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ವಾಲ್ವು ಅಲ್ಲಿರಬೇಕಿತ್ತು. ಅದಿಲ್ಲದಿದ್ದರೆ ಚಳಿಯಲ್ಲಿ ಇಂಜಿನ್ನು ಬಿಸಿಯೇರುವುದಿಲ್ಲ. ಏರದಿದ್ದರೆ, ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡುವ ಚೋಕ್ ಎಳೆದುಕೊಂಡೇ ಓಡಿಸಬೇಕು. ಚೋಕ್ ಎಳೆದಷ್ಟು ಹೊತ್ತೂ ಕಾರು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ.

ಉಚ್ಚಂಗೆಪ್ಪ ತಲೆ ಮೇಲೆ ಕೈ ಹೊತ್ತು ಕೂತ. 1978ರ ಬೇಸಿಗೆಯಲ್ಲಿ ಜಗಳೂರಿಗೆ ದಿಬ್ಬಣ ಹೊರಟ ಕಾರು ದಾರಿಯಲ್ಲಿ ಕುದ್ದು ನಿಂತಿತ್ತು. ಆಗ ಮಲ್ಲೇಶಪ್ಪನವರೇ ಆ ವಾಲ್ವು ತೆಗೆಸಿದ್ದರು. ಈ ಸೀಮೆಯ ಬಿಸಿಲಿಗೆ ಎಲ್ಲರೂ ಹೀಗೇ ತೆಗೆಸುತ್ತಾರೆ. "ಚಳಿಗಾಲಕ್ಕೆ ತಿರುಗಿ ಹಾಕಬೇಕಿತ್ತು. ನನಗೂ ಮರ್ತೋಯ್ತು, ಅವ್ರಿಗೂ ಮರ್ತೋಯ್ತು. ಸತ್ತಿದ್ದು ಬೋರಣ್ಣ" ಎನ್ನುತ್ತಾನೆ ಉಚ್ಚಂಗೆಪ್ಪ.

ದಾವಣಗೆರೆಯಿಂದ ಹೊಸ ವಾಲ್ವು ತಂದು ಹಾಕಿದರು. ಮಲ್ಲೇಶಪ್ಪನವರೇ ಕಾರಿನಲ್ಲಿ ಕೂತು ಚನ್ನಗಿರಿಗೆ ಹೋಗಿ ಬಂದರು. ಕೊರೆಯುವ ಪುಷ್ಯದ ಚಳಿಯಲ್ಲೂ ಕಾರು ಹತ್ತು ಕೊಟ್ಟಿತು. ದೊಡ್ಡಣ್ಣ ಬಚಾವಾದ. ಬೋರಣ್ಣನ ಮಾತು ಮಾತ್ರ ಮಲ್ಲೇಶಪ್ಪನವರ ಬಾಯಲ್ಲಿ ಬರಲಿಲ್ಲ. ಕೆಂಪಕ್ಕನ ಮನೆಗೆ ಅವರ ಕಡೆಯಿಂದ ಒಂದು ಸೀರೆ, ಒಂದು ಮೂಟೆ ಅಕ್ಕಿ ಬಂದವು. ಆಕೆ ಬಾಗಿಲಿಂದಲೇ ವಾಪಸ್ ಕಳಿಸಿದಳು.

ಇದಾಗಿ ನಾಲ್ಕು ವರ್ಷ. ಮಗಳು ಅಂಜಿನಮ್ಮನನ್ನು ನೋಡಲು ನ್ಯಾಮತಿಯಿಂದ ಬಂದವರು ಸ್ಟ್ಯಾಂಡಿನಲ್ಲಿ ವಿಚಾರಿಸಿ, ಸುಳ್ಳಾಣೆ ಮನೆಯ ಹೆಣ್ಣೆಂದು ಹಾಗೇ ಬಸ್ಸು ಹತ್ತಿದರು. ಹೋದ ವರ್ಷ ಉಬ್ರಾಣಿಯವರೂ ಅಷ್ಟೇ. ಮಲ್ಲೇಶಪ್ಪನವರನ್ನು ಕೇಳಿದರೆ ಶಾಲು ಸರಿ ಮಾಡಿಕೊಳ್ಳುತ್ತಾರೆ. "ಕಾರು ಕೆಟ್ಟಿದ್ದು ಖರೇ. ಆದ್ರೆ ಅವ್ನು ಯುಗಾದಿಗೆ ಮುಂಚೆ ಹೋಗಿದ್ದು? ದೇವಿ ಸುಳ್ಳಾಗ್ತಾಳೇನ್ರೀ?"

ಕೆಂಪಕ್ಕನ ದನಿ ಏರುವುದಿಲ್ಲ. "ದೇವಿ ಏನೂ ಅಂದಿಲ್ಲ, ಅಂದೋರು ಇವ್ರು" ಎನ್ನುತ್ತಾಳೆ. ಮಲ್ಲೇಶಪ್ಪನವರ ಕಾರಿಗೂ ಬೆಳಗ್ಗೆ ನೀರು ಹುಯ್ಯುತ್ತಾಳೆ. ಬಿಟ್ಟರೆ ದೊಡ್ಡಣ್ಣನ ಹೊಟ್ಟೆ ಮೇಲೆ ಹೊಡೆದಂತಾಗುತ್ತದೆ ಎಂಬ ಅಂಜಿಕೆ ಆಕೆಗೆ.

ಏನು ಬೇಕು ನಿಮಗೆ ಎಂದು ಕೇಳಿದರೆ ಬಿಂದಿಗೆ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ.

"ಸೀರೆ ಬ್ಯಾಡ, ಅಕ್ಕಿ ಬ್ಯಾಡ. ಅದೇ ಗುಡಿ ಮುಂದೆ ನಿಂತ್ಕಂಡು, ನಾಕು ಜನಕ್ಕೆ ಕೇಳಂಗೆ, ಬೋರಣ್ಣ ಕದ್ದಿರ್ಲಿಲ್ಲ ಅನ್ಲಿ. ಅವ್ರು ಆಣೆ ಮಾಡಾದೂ ಬ್ಯಾಡ. ಬಾಯಿಮಾತು ಸಾಕು."