ಎಡಗೈಗೊಂದು ಗಡಿಗೆ

ಮೊಮ್ಮಗಳು ಮೊನ್ನೆ ಅಂಗಡಿಯಿಂದ ಮಣ್ಣಿನ ಗಡಿಗೆಯೊಂದನ್ನು ತಂದಳು. ಅದನ್ನು ಪಳಗಿಸಲು ಗ್ಯಾಸ್ ಒಲೆಯ ಮೇಲೆ ಗಂಜಿ ಕುದಿಸಿದಾಗ ಬಂತು ನೋಡಿ, ಹೊಸ ಮಣ್ಣೂ ಅನ್ನವೂ ಬೆರೆತ ಆ ವಾಸನೆ... ಐವತ್ತರ ದಶಕದ ರಾಜಾಜಿನಗರದ ನಮ್ಮ ಅಡಿಗೆಮನೆಯಲ್ಲೇ ನಿಂತ ಹಾಗಾಯಿತು. ಸುಂಕದಕಟ್ಟೆ ಕಡೆಯಿಂದ ಗಡಿಗೆ ಹೊತ್ತು ಬರುತ್ತಿದ್ದ ಕುಂಬಾರಣ್ಣ ನೆನಪಾದ.

ನಾನು ಆಗಷ್ಟೇ ಮದುವೆಯಾಗಿ ಬಂದಿದ್ದೆ. ಅತ್ತೆಯವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಜೀವಮಾನವೆಲ್ಲ ಮನೆಮಂದಿಗೆ ಬೇಯಿಸಿ ಹಾಕಿದ ಹೆಂಗಸು ಗೋಡೆಗೊರಗಿ ಕೂತು, ನಾನು ಮಾಡಿದ ಸಾರನ್ನು ಮಾತಿಲ್ಲದೆ ಉಣ್ಣುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಅನಿಸುತ್ತಿತ್ತು. ನನ್ನ ಸಾರು ಬೈಸಿಕೊಳ್ಳುವ ಹಾಗೆಯೇ ಇತ್ತು ಬಿಡಿ. ಎಡಗೈಯಲ್ಲಿ ಅಡಿಗೆ ಮಾಡಲು ನೋಡಿದ್ದರು, ಆಗಿರಲಿಲ್ಲ. ಸೌಟು ಆಡಿಸಿದರೆ ಒಲೆಯ ಮೇಲೆ ಗಡಿಗೆಯೂ ಗರಗರ ತಿರುಗುತ್ತಿತ್ತು, ಹಿಡಿಯಲು ಇನ್ನೊಂದು ಕೈ ಇರಲಿಲ್ಲ.

ಒಂದು ದಿನ ಕುಂಬಾರಣ್ಣ ಬಾಗಿಲಿಗೆ ಬಂದಾಗ ಅತ್ತೆ, “ನಂಗ್ಯಾಕಪ್ಪಾ ಇನ್ನು ಗಡಿಗೆ?” ಎಂದರು.

ಬೇರೆ ವ್ಯಾಪಾರಿಯಾಗಿದ್ದರೆ ಮುಂದಿನ ಮನೆಗೆ ಹೋಗುತ್ತಿದ್ದ. ಇವನು ಬುಟ್ಟಿ ಇಳಿಸಿ, “ಎಲ್ಲಿ, ಒಂದ್ಸಲ ಸೌಟಾಡ್ಸಿ ತೋರ್ಸವ್ವ” ಅಂದ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಕೈಯನ್ನೇ ನೋಡಿದ. ಒಲೆಗುಂಡುಗಳ ನಡುವಿನ ಸಂದನ್ನು ಹುಲ್ಲುಕಡ್ಡಿಯಿಂದ ಅಳೆದು, ಕಡ್ಡಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡು ಹೋದ. ಅವನ ಕ್ರಮವೇ ಹಾಗೆ... ಯಾರ ಮನೆಗೆ ಮಾಡುತ್ತಾನೋ ಅವರ ಕೈ ನೋಡದೆ ಮಣ್ಣು ಮುಟ್ಟುತ್ತಿರಲಿಲ್ಲ.

ಕೆಲವು ದಿನ ಬಿಟ್ಟು ತಂದ ಗಡಿಗೆಯ ಹೊಟ್ಟೆಯ ಸುತ್ತ ಮೂರು ಸಣ್ಣ ಗುಬುಟುಗಳಿದ್ದವು. ಅವು ಒಲೆಗುಂಡುಗಳ ಸಂದಿನಲ್ಲಿ ಕೂತರೆ ಗಡಿಗೆ ತಿರುಗುವಂತಿಲ್ಲ. ಆದರೆ ಕೂರಲಿಲ್ಲ! ಅಷ್ಟರಲ್ಲಿ ನಾನು ಹಬ್ಬಕ್ಕೆಂದು ಒಲೆಗೆ ದಪ್ಪನಾಗಿ ಕೆಮ್ಮಣ್ಣು ಮೆತ್ತಿ ಸಾರಿಸಿದ್ದೆ. ಅವನು ಜೋರಾಗಿ ನಕ್ಕ. “ಗಡಿಗೆ ಬೆಂದಾಯ್ತು ಕಣವ್ವ, ಇನ್ನು ಬಗ್ಗೋದು ನಿಮ್ ಒಲೇನೇ” ಎಂದು ಕೈ ಒದ್ದೆ ಮಾಡಿಕೊಂಡು ಒಲೆಯನ್ನೇ ತಿದ್ದಿದ.

ಮುಂದಿನ ಸಲ ಅವನು ಬಂದ ದಿನ ಅತ್ತೆ ಆ ಗಡಿಗೆಯಲ್ಲಿ ತಾವೇ ಅವರೆಕಾಳು ಸಾರು ಮಾಡಿದ್ದರು. ಮೊದಲ ಊಟ ಅವನಿಗೇ ಎಂದು ಕೂರಿಸಿದರು. ಮುದ್ದೆ ನಾನಿಟ್ಟೆ. ಸಾರಿನ ಸೌಟು ಎತ್ತಿದ ಅತ್ತೆ ಹಾಗೇ ನಿಂತುಬಿಟ್ಟರು. ಎಡಗೈಯಲ್ಲಿ ಬಡಿಸುವುದುಂಟೇ? ಕಣ್ಣು ತುಂಬಿಕೊಂಡು ಸೌಟನ್ನು ನನ್ನ ಕಡೆ ಚಾಚಿದರು.

“ನೀನೇ ಬಡ್ಸವ್ವ,” ಅಂದ ಅವನು. “ತಿರುಗೋ ತಿಗರಿ ಮ್ಯಾಲೆ ಎಡಗೈ ಒಳಗಿಟ್ರೇನೇ ಗಡಿಗೆ ಏಳೋದು. ಇಷ್ಟ್ ದಿನ ಎಲ್ರೂ ಉಂಡಿದ್ದು ಅದ್ರಲ್ಲೇ ಅಲ್ವಾ?”

ಅತ್ತೆ ಬಡಿಸಿದರು. ಅವನು ಕೇಳಿ ಕೇಳಿ ಹಾಕಿಸಿಕೊಂಡ. ಆಮೇಲೆ ಬಡಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲೇ ಇಲ್ಲ. ನನ್ನ ಸಾರನ್ನು ಬಾಯ್ತುಂಬ ಬೈಯುವುದಕ್ಕೂ ಶುರುಮಾಡಿದರು. ಎಷ್ಟು ಖುಷಿಯಾಗಿತ್ತು ನನಗೆ!

ಈಗ ಕುಂಬಾರಣ್ಣನಿಲ್ಲ, ಅತ್ತೆಯವರಿಲ್ಲ. ನಮ್ಮ ಜೊತೆ ಸಾಲಾಗಿ ಕೂತು ಉಣ್ಣುತ್ತಿದ್ದ ಯಜಮಾನರೂ ಮೈದುನಂದಿರೂ ಒಬ್ಬೊಬ್ಬರಾಗಿ ಹೋದರು... ಆ ಎಡಗೈ ಬಡಿಸಿದ್ದನ್ನು ಹೊಟ್ಟೆ ತುಂಬ ಉಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ.